ಮರಳಿನಿಂದ ಲ್ಯಾಪ್‌ಟಾಪಿಗೆ: ಪಾಠಶಾಲೆಯ ಉಪಕರಣವೂ ಉಪಾಧ್ಯಾಯನೂ

ಪಾಠಶಾಲೆಯ ಉಪಕರಣಗಳ ಚರಿತ್ರೆಯಲ್ಲಿ ಉಪಕರಣದ ರಚನೆಯನ್ನೂ ಬೆಲೆಯನ್ನೂ ವರ್ಣಿಸುವುದು ಸುಲಭ. ಅದನ್ನು ಹಿಡಿದ ಮಗುವಿಗೆ ಪಾಠ ಹೇಳಿದವರಾರೆಂಬುದನ್ನು ನಿರ್ಣಯಿಸುವುದು ಕಷ್ಟ. ಲ್ಯಾಪ್‌ಟಾಪು, ಮೊಬೈಲು ಮೊದಲಾದುವು ಶಾಲೆಯನ್ನು ಹೊಕ್ಕ ಬಗೆಯನ್ನು ವಿಚಾರಿಸುವಾಗ ಈ ಎರಡನೆಯ ಪ್ರಶ್ನೆಯೇ ಮುಖ್ಯವಾದುದೆಂದು ತೋರುವುದು.

ಇದಕ್ಕೆ ದಕ್ಷಿಣ ದೇಶದಲ್ಲಿಯೇ ಒಂದು ಪೂರ್ವೋದಾಹರಣೆಯುಂಟು. 1789ರಲ್ಲಿ ಮದರಾಸಿನ ಎಗ್ಮೋರಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಣೆಯನ್ನು ವಹಿಸಿಕೊಂಡ ಆಂಡ್ರ್ಯೂ ಬೆಲ್ ಎಂಬ ಪಾದ್ರಿಗಳು, ದೇಶೀಯ ಶಾಲೆಯೊಂದರ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದುದನ್ನು ಕಂಡು, ಆ ಕ್ರಮವನ್ನು ತಮ್ಮಲ್ಲಿಯೂ ತರಲೆಳಸಿದರು. ಅಲ್ಲಿನ ಉಪಾಧ್ಯಾಯರು ಒಡಂಬಡದಿರಲು, ಬಾಲಕನೊಬ್ಬನನ್ನೇ ಕಿರಿಯರಿಗೆ ಕಲಿಸಲು ನೇಮಿಸಿದರು. 1797ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವರ ಪುಸ್ತಿಕೆಯಿಂದ ಪ್ರಸಿದ್ಧಿಗೆ ಬಂದುದು ಮರಳಲ್ಲ. ವಿದ್ಯಾರ್ಥಿಯಿಂದಲೇ ವಿದ್ಯಾರ್ಥಿಗೆ ಬೋಧನೆ ನಡೆಯಿಸುವ ‘ಮದರಾಸು ಪದ್ಧತಿ’. ಉಪಕರಣವು ಬೆಲೆಯಿಲ್ಲದುದಾಗಿದ್ದಿತು, ಫಲವನ್ನು ಕೊಟ್ಟುದು ಅದರ ಸುತ್ತಣ ಏರ್ಪಾಡು.

ಮಕ್ಕಳಿಗೂ ಕಂಪ್ಯೂಟರಿಗೂ ಸಂಬಂಧವನ್ನು ಕಲ್ಪಿಸಿದವರಲ್ಲಿ ಸೀಮೂರ್ ಪ್ಯಾಪರ್ಟರು ಅಗ್ರಗಣ್ಯರು. 1967ರಲ್ಲಿ ಅವರೂ ಅವರ ಸಂಗಡಿಗರೂ ‘ಲೋಗೊ’ ಎಂಬ ಯಂತ್ರಭಾಷೆಯನ್ನು ಮಕ್ಕಳಿಗಾಗಿ ರಚಿಸಿದರು. 1972ರಲ್ಲಿ ಆಲನ್ ಕೇ ಎಂಬವರು, ಮಗುವು ಕಂಕುಳಲ್ಲಿಟ್ಟುಕೊಂಡು ಹೋಗಬಹುದಾದ ‘ಡೈನಾಬುಕ್ಕಿ’ನ ಕಲ್ಪನೆಯನ್ನು ಪ್ರಕಟಿಸಿದರು. ಆಗ ಅಂತಹ ಯಂತ್ರವಿರಲಿಲ್ಲ. 1990ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನ ಬಾಲಿಕೆಯರ ಶಾಲೆಯೊಂದು ಕೆಲವು ತರಗತಿಗಳ ಪ್ರತಿಯೊಬ್ಬಳಿಗೂ ಲ್ಯಾಪ್‌ಟಾಪನ್ನು ವಿಧಿಸಿದಾಗ ಆ ಕಲ್ಪನೆಯು ಕಾರ್ಯರೂಪಕ್ಕಿಳಿಯಿತು. 2002ರಲ್ಲಿ ಅಮೆರಿಕಾದ ಮೇನ್ ಸಂಸ್ಥಾನವು ತನ್ನ ಸರಕಾರಿ ಶಾಲೆಗಳ ಏಳನೆಯ ತರಗತಿಯವರಿಗೆಲ್ಲ ಲ್ಯಾಪ್‌ಟಾಪನ್ನು ಒದಗಿಸಿತು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಪ್ಯಾಪರ್ಟರು 1980ರ ತಮ್ಮ ‘ಮೈಂಡ್‌ಸ್ಟಾರ್ಮ್ಸ್’ ಗ್ರಂಥದಲ್ಲಿ ಆದರ್ಶವಾಗಿ ಎತ್ತಿಕೊಂಡುದು ಯಂತ್ರದೆದುರಿನ ಒಂಟಿ ಮಗುವನ್ನಲ್ಲ. ಹಿರಿಯರೂ ಕಿರಿಯರೂ, ಬಲ್ಲವರೂ ಅರಿಯದವರೂ ಕೂಡಿ ನರ್ತಿಸುವ ಬ್ರೆಜಿಲ್ ದೇಶದ ಸಾಂಬಾ ಮೇಳಗಳನ್ನು.

2005ರ ಜನವರಿಯಲ್ಲಿ ದಾವೋಸಿನಲ್ಲಿ ನಿಕೊಲಸ್ ನೆಗ್ರೊಪಾಂಟಿಯವರು 100 ಡಾಲರಿನ ಲ್ಯಾಪ್‌ಟಾಪಿನ ಯೋಜನೆಯನ್ನು ಸಾರಿದರು. ‘ಪ್ರತಿ ಮಗುವಿಗೊಂದು ಲ್ಯಾಪ್‌ಟಾಪು’ ಎಂಬ ಹೆಸರಿನಿಂದ ಅದು ಖ್ಯಾತವಾಯಿತು. 2007ರಲ್ಲಿ ತಯಾರಾದ ಯಂತ್ರವು ಬಿಸಿಲಿನಲ್ಲಿಯೂ ಓದಬಹುದಾದ ತೆರೆಯುಳ್ಳುದು. ಬೆಲೆ ಮಾತ್ರ ಸುಮಾರು 188 ಡಾಲರಿಗೇರಿತು. ಯಂತ್ರವು ಕೈಸೇರಿದರೆ ಮಕ್ಕಳು ಬಹುಮಟ್ಟಿಗೆ ತಾವಾಗಿಯೇ ಕಲಿಯುವರೆಂಬ ನಂಬಿಕೆಯು ಈ ಯೋಜನೆಯಲ್ಲಿ ಪ್ರಬಲವಾಗಿದ್ದಿತು. ಸಾಂಬಾ ಮೇಳವು ಮರೆಯಾಯಿತು.

ಪೆರು ದೇಶವು 2008ರಿಂದ ಹಳ್ಳಿಗಾಡಿನ ಬಡ ಶಾಲೆಗಳಿಗೆ ಈ ಯಂತ್ರಗಳನ್ನು ಹಂಚಿತು. ಬಹುತೇಕ ಶಾಲೆಗಳಲ್ಲಿ ಅಂತರ್ಜಾಲದ ಸಂಪರ್ಕವಿರಲಿಲ್ಲ. 319 ಶಾಲೆಗಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟವಾದ ವರದಿಯಂತೆ, ಒಬ್ಬ ವಿದ್ಯಾರ್ಥಿಗೆ 0.12ರಷ್ಟಿದ್ದ ಕಂಪ್ಯೂಟರುಗಳು 1.18ಕ್ಕೇರಿದುವು, ಆದರೆ ಸುಮಾರು 15 ತಿಂಗಳು ಕಳೆದ ಮೇಲೂ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಅಭಿವೃದ್ಧಿಯು ಕಂಡುಬರಲಿಲ್ಲ. ಸಾಮಾನ್ಯ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಕೊಂಚ ಲಾಭವು ತೋರಿತು. ಬಡ ದೇಶವೊಂದರ ಬೊಕ್ಕಸಕ್ಕೆ ಇದು ಅಲ್ಪ ವಿಷಯವಲ್ಲ.

ಉರುಗ್ವೆಯ ಅನುಭವವು ಇದಕ್ಕಿಂತ ಬೋಧಪ್ರದವಾದುದು. ಅಲ್ಲಿ ‘ಸೇಬಾಲ್’ ಯೋಜನೆಯು 2007ರ ಮೇ ತಿಂಗಳಲ್ಲಿ ವಿಯಾ ಕಾರ್ದಾಲ್ ಎಂಬ ಸಣ್ಣ ಊರಿನಲ್ಲಿ ಮೊದಲಾಗಿ, 2009ರೊಳಗಾಗಿ ಸರಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳೆಲ್ಲರನ್ನೂ ಮುಟ್ಟಿತು. ಶಾಲೆಗಳಿಗೆ ಸಂಪರ್ಕವೂ ಕೂಡಿಬಂದಿತು. ಬಡವ ಬಲ್ಲಿದರ ಮಕ್ಕಳ ನಡುವಣ ಒಂದು ಅಂತರವು ಇದರಿಂದ ಕುಗ್ಗಿತು. ಹೀಗಿದ್ದರೂ ಮೊದಲ ವರ್ಷಗಳಲ್ಲಿ ಓದಿನಲ್ಲಿಯೂ ಗಣಿತದಲ್ಲಿಯೂ ಯಂತ್ರದಿಂದಾದ ಹೆಚ್ಚಳವೇನೂ ಕಾಣಲಿಲ್ಲವೆಂದು 2014ರ ಸಂಶೋಧನೆಯೊಂದು ತಿಳಿಸಿತು. ಇಷ್ಟರಲ್ಲಿ ಯೋಜನೆಯವರು ಹಂಚಿಕೆಯಿಂದಾಚೆಗೆ ಮುಂದುವರಿದಿದ್ದರು. 2012ರಲ್ಲಿ, ಇಂಗ್ಲಿಷು ಬಲ್ಲ ಶಿಕ್ಷಕರು ಸಾಲದ ಶಾಲೆಗಳಿಗೆ ದೂರದೂರಿನ ಶಿಕ್ಷಕರು ತೆರೆಯ ಮೂಲಕ ಪಾಠ ಹೇಳುವ ಏರ್ಪಾಡು ಆರಂಭವಾಯಿತು. ತರಗತಿಯ ಶಿಕ್ಷಕರು ಮಕ್ಕಳ ಜತೆಯಲ್ಲಿಯೇ ನಿಂತು ಅಭ್ಯಾಸ ಮಾಡಿಸಿದರು. ಬೆಲ್ಲರು ಮರಳಿನ ಬದಿಯಲ್ಲಿ ಬಾಲಕನನ್ನು ನಿಲ್ಲಿಸಿದಂತೆ, ಇಲ್ಲಿ ಯಂತ್ರದ ಎರಡು ಕಡೆಗಳಲ್ಲಿಯೂ ಗುರುವು ನಿಂತುದಾಯಿತು.

ಕರ್ಣಾಟಕದಲ್ಲಿ ಇದೇ ಪ್ರಶ್ನೆಯು 2020ರಲ್ಲಿ ಬೇರೊಂದು ರೂಪದಿಂದ ಒದಗಿತು. ಕೋವಿಡ್ ವ್ಯಾಧಿಯಿಂದ ಶಾಲೆಗಳು ಮುಚ್ಚಿರಲು, ಮೊಬೈಲಿದ್ದ ಮಗುವಿಗೆ ಪಾಠವಿದ್ದಿತು, ಇಲ್ಲದ ಮಗುವಿಗೆ ಇರಲಿಲ್ಲ. ಆ ವರ್ಷದ ಆಗಸ್ಟಿನಲ್ಲಿ ವಿದ್ಯಾ ಇಲಾಖೆಯು ‘ವಿದ್ಯಾಗಮ’ವನ್ನು ಆರಂಭಿಸಿ, ಮಕ್ಕಳನ್ನು ಅವರಿಗೆ ದೊರೆಯುವ ಸಾಧನಗಳಿಗನುಸಾರವಾಗಿ ಗುಂಪುಗೂಡಿಸಿತು. ಉಪಾಧ್ಯಾಯರು ದೇವಸ್ಥಾನದ ಅಂಗಳಕ್ಕೂ ಮರದ ನೆರಳಿಗೂ ತಾವೇ ನಡೆದುಹೋಗಿ ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಆ ಕಾರ್ಯವು ನಿಂತಿತು. 2021ರ ಜನವರಿಯಲ್ಲಿ ಮತ್ತೆ ತೊಡಗಿತು.

ಇವುಗಳನ್ನು ಒಟ್ಟಿಗೆ ಪರಿಶೀಲಿಸಿದರೆ, ಉಪಕರಣವು ವ್ಯರ್ಥವೆಂದು ಹೇಳುವುದಕ್ಕಾಗದು. ಅದಿಲ್ಲದ ಮಗುವಿಗಾದ ನಷ್ಟವನ್ನು 2020ನೆಯ ವರ್ಷವೇ ತೋರಿಸಿಕೊಟ್ಟಿತು. ಆದರೆ ಉಪಕರಣವು ದೇಶದಿಂದ ದೇಶಕ್ಕೆ ಹಡಗಿನಲ್ಲಿ ಸಾಗಬಲ್ಲುದು. ಅದನ್ನು ವಿದ್ಯೆಯಾಗಿ ಮಾರ್ಪಡಿಸುವ ಗುರುಶಿಷ್ಯ ಸಂಬಂಧವನ್ನು ಪ್ರತಿಯೊಂದು ಊರಿನಲ್ಲಿಯೂ ಹೊಸದಾಗಿ ಬೆಳೆಯಿಸಬೇಕಾಗುವುದು. ಲ್ಯಾಪ್‌ಟಾಪುಗಳ ಲೆಕ್ಕದೊಡನೆ ಈ ಲೆಕ್ಕವನ್ನೂ ಇಡುವ ಚರಿತ್ರೆಯೇ ವಿದ್ಯಾಭ್ಯಾಸದ ಚರಿತ್ರೆಯೆನಿಸಿಕೊಳ್ಳುವುದು.