ಹೊರೆಯೂ ಅಂಗಾಲೂ

ಅಮರಕೋಶದಲ್ಲಿ ‘ಭಾರ’ವೆಂಬ ಶಬ್ದಕ್ಕೆ ನಿಶ್ಚಿತವಾದೊಂದು ಪರಿಮಾಣವುಂಟು. 100 ಪಲಗಳಿಗೆ ಒಂದು ತುಲೆ. 20 ತುಲೆಗಳಿಗೆ ಒಂದು ಭಾರ. ಪಾಠಶಾಲೆಯಲ್ಲಿ ಇದನ್ನು ಕಂಠಪಾಠಮಾಡುತ್ತಿದ್ದಾಗ ಹೊಳೆಯದಿದ್ದ ಪ್ರಶ್ನೆಯೊಂದು ಈ ಇಳಿವಯಸ್ಸಿನಲ್ಲಿ ನನಗೆ ಹೊಳೆದಿರುವುದು. ಹೊರೆಯನ್ನು ಇಷ್ಟು ಸೂಕ್ಷ್ಮವಾಗಿ ತೂಗಿದ ಮನುಷ್ಯನು ಅದನ್ನು ಹೊತ್ತು ನಡೆಯುವ ಅಂಗಾಲಿನ ಪಾಡನ್ನು ಎಂದಿನಿಂದ ವಿಚಾರಿಸತೊಡಗಿದನು? ಆ ವೃತ್ತಾಂತವನ್ನು ಸಂಗ್ರಹವಾಗಿ ವಾಚಕರ ಮುಂದಿಡುತ್ತೇನೆ.

ಹೊರೆಯ ಲೆಕ್ಕವು ಬಹುಮಟ್ಟಿಗೆ ದಂಡಿನಲ್ಲಿ ಬೆಳೆದುದು. ಕ್ರಿಸ್ತಪೂರ್ವ 107ರಲ್ಲಿ ರೋಮಿನ ಕಾನ್ಸಲನಾದ ಮೇರಿಯಸನು ಸಾಮಾನಿನ ಬಂಡಿಗಳನ್ನು ಕಡಿಮೆಮಾಡಿ, ಗಂಟುಮೂಟೆಗಳನ್ನು ಸಿಪಾಯಿಗಳ ಹೆಗಲಿಗೇ ಏರಿಸಿದನೆಂದು ಪ್ರತೀತಿ. ಜನರು ಆ ಸಿಪಾಯಿಗಳನ್ನು ‘ಮೇರಿಯಸನ ಹೇಸರಗತ್ತೆಗಳು’ ಎಂದು ಕರೆದರು. ಮುಂದೆ ವೆಜೀಷಿಯಸನೆಂಬ ಗ್ರಂಥಕಾರನು ಹೊಸ ಸಿಪಾಯಿಗಳಿಗೆ 60 ರೋಮನ್ ಪೌಂಡು, ಎಂದರೆ ಸುಮಾರು 20 ಕಿಲೋಗ್ರಾಂ ಹೊತ್ತು ನಡೆಯುವ ಅಭ್ಯಾಸವಾಗಬೇಕೆಂದು ವಿಧಿಸಿದನು. ಕಾಲ ಕಳೆದಂತೆ ಹೊರೆ ಇಳಿಯಲಿಲ್ಲ, ಏರಿತು. 1916ನೆಯ ಜುಲೈ 1ರಂದು ಸೋಮ್ ಯುದ್ಧಕ್ಕೆ ಹೊರಟ ಬ್ರಿಟಿಷ್ ಕಾಲಾಳುಗಳು ತಲೆಗೆ ಸುಮಾರು 66 ಪೌಂಡು, ಅಂದರೆ 30 ಕಿಲೋಗ್ರಾಂ ಹೊತ್ತಿದ್ದರು. ಗುಂಡುಗಳ ಮಳೆಯಲ್ಲಿಯೂ ಅವರಿಗೆ ಮೆಲ್ಲಗೆ ನಡೆಯುವುದಲ್ಲದೆ ಬೇರೆ ಗತಿಯಿರಲಿಲ್ಲ.

ಹೊರೆ ಹೊರಿಸಿದವರಿಗೆ ಅಂಗಾಲಿನ ನೆನಪು ಬಂದದ್ದು ತಡವಾಗಿ. 1855ರಲ್ಲಿ ಪ್ರಷ್ಯದ ಸೇನಾವೈದ್ಯನಾದ ಬ್ರೈತ್‌ಹೌಪ್ಟನು, ದೂರದ ನಡಿಗೆಯ ಬಳಿಕ ಸಿಪಾಯಿಗಳ ಪಾದ ಬಾತು ನೋಯುವುದನ್ನು ಕಂಡು ಬರೆದಿಟ್ಟನು. ಹೊರಗೆ ಗಾಯವಿಲ್ಲದುದರಿಂದ ಅದು ಸ್ನಾಯುಗಳ ಕೋಶದ ಉರಿಯೂತವೆಂದು ಅವನು ಊಹಿಸಿದನು. 1895ರಲ್ಲಿ ರಾಂಟ್ಜೆನ್ನನು ಕ್ಷಕಿರಣವನ್ನು ಕಂಡುಹಿಡಿದನು. 1897ರಲ್ಲಿ ಸ್ಟೆಖೋವೆಂಬ ವೈದ್ಯನು ಆ ಕಿರಣದಿಂದ ಅಂಥ ಪಾದಗಳನ್ನು ಪರೀಕ್ಷಿಸಲು, ಒಳಗೆ ಎಲುಬೇ ಬಿರಿದಿತ್ತು! 42 ವರ್ಷಗಳ ಕಾಲ ಮುರಿದ ಎಲುಬನ್ನು ಬಾವು ಎನ್ನುತ್ತಿದ್ದಂತಾಯಿತು.

ಎಲುಬಿನ ಸಂಗತಿ ಹೀಗಾದರೆ ಸ್ಪರ್ಶದ ಸಂಗತಿ ಇನ್ನೂ ಸೂಕ್ಷ್ಮವಾದುದು. 1840ರ ದಶಕದಲ್ಲಿ ಬರ್ಲಿನ್ನಿನ ವೈದ್ಯನಾದ ರೋಂಬರ್ಗನು, ಬೆನ್ನುಹುರಿಯ ರೋಗದಿಂದ ಕಾಲಿನ ಅರಿವು ಕುಂದಿದವರು ಕಣ್ಣು ತೆರೆದಾಗ ನಿಲ್ಲಬಲ್ಲರೆಂದೂ ಕಣ್ಣು ಮುಚ್ಚಿದರೆ ತೂರಾಡುವರೆಂದೂ ಕಂಡುಕೊಂಡನು. ನಾವು ನೆಟ್ಟಗೆ ನಿಲ್ಲುವುದಕ್ಕೆ ಕಣ್ಣೂ ಒಳಗಿವಿಯೂ ಮಾತ್ರವಲ್ಲದೆ, ಕೀಲುಗಳ ಅರಿವೂ ಅಂಗಾಲಿನ ಸ್ಪರ್ಶವೂ ಬೇಕೆಂಬುದು ಕ್ರಮೇಣ ಸ್ಥಿರವಾಯಿತು. 2002ರಲ್ಲಿ ಕೆನಡಾದ ಕೆನೆಡಿ ಮತ್ತು ಇಂಗ್ಲಿಸ್ ಎಂಬ ವಿದ್ವಾಂಸರು ಅಂಗಾಲಿನ ಚರ್ಮದಲ್ಲಿ 104 ಸ್ಪರ್ಶಗ್ರಾಹಕಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅವು ಅಂಗಾಲಿನ ಉದ್ದಕ್ಕೂ ಹರಡಿರುವುದನ್ನು ತೋರಿಸಿಕೊಟ್ಟರು.

ಇಂಥ ಅಂಗಾಲಿನ ಮೇಲೆ ಹೊರೆ ಬಿದ್ದಾಗ ಆಗುವುದೇನು? ಬೆನ್ನಿನ ಭಾರವು ದೇಹದ ಗುರುತ್ವಕೇಂದ್ರವನ್ನು ಮೇಲಕ್ಕೂ ಹಿಂದಕ್ಕೂ ಎಳೆಯುವುದರಿಂದ, ಹೊತ್ತವನು ಮುಂದಕ್ಕೆ ಬಾಗಬೇಕು. ನಿಂತಲ್ಲಿಯೇ ಓಲಾಟ ಹೆಚ್ಚುತ್ತದೆ. ಅಂಗಾಲಿನ ಒತ್ತಡ ಏರಿ ಬೊಕ್ಕೆಗಳೇಳುತ್ತವೆ. ದೂರದ ನಡಿಗೆಯಲ್ಲಿ ನರಗಳು ಅದುಮಿ ಬೆರಳುಗಳು ಜೋಮುಹಿಡಿಯುವುದೂ ಉಂಟು. ಹೀಗೆ, ನೆಲದ ಸುದ್ದಿ ಯಾವಾಗ ಅತ್ಯಂತ ಅವಶ್ಯವೋ ಆಗಲೇ ಸುದ್ದಿ ತರುವ ದೂತನು ಮಂಕಾಗುವನು.

ಬರಿಗಾಲಿನ ದಪ್ಪಚರ್ಮವೇ ಈ ಮಂಕಿಗೆ ಕಾರಣವೆಂದು ಕೆಲವರು ತಿಳಿಯಬಹುದು. ಅದು ಸರಿಯಲ್ಲ. ಕೆನ್ಯಾದೇಶದ ಬರಿಗಾಲ ಜನರನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟವಾದ ಸಂಶೋಧನೆಯು, ಅಂಗಾಲು ದಡ್ಡುಗಟ್ಟಿದರೂ ಸ್ಪರ್ಶದ ಅರಿವು ಕುಂದದೆಂದು ತಿಳಿಸಿತು. ಕೂಲಿಯವನ ಒರಟಾದ ಪಾದವನ್ನು ಕಂಡು ‘ಅವನಿಗೆ ನೋವೇ ತಿಳಿಯದು’ ಎನ್ನುವ ನಮ್ಮ ಸಮಾಧಾನವು ಎಷ್ಟು ಪೊಳ್ಳೆಂಬುದು ಇದರಿಂದ ವ್ಯಕ್ತವಾಗುವುದು. 1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಪ್ರಾಯದ ಗಂಡಾಳು ಹೊರಬಹುದಾದ ಗರಿಷ್ಠ ಭಾರ 55 ಕಿಲೋಗ್ರಾಂ ಎಂದು ಶಿಫಾರಸು ಮಾಡಿತು.

ಕೊನೆಗೊಂದು ಸ್ವಂತದ ಮಾತು. ಉಪಾಧ್ಯಾಯನಾಗಿದ್ದಾಗ, ಪುಸ್ತಕದ ಚೀಲ ಹೊತ್ತು ಬಾಗಿಕೊಂಡು ಬರುವ ಹುಡುಗರನ್ನು ‘ನೆಟ್ಟಗೆ ನಿಲ್ಲೋ’ ಎಂದು ನಾನು ಎಷ್ಟೋ ಸಲ ಗದರಿದ್ದೇನೆ. ಬಾಗದಿದ್ದರೆ ಅವರು ಹಿಂದಕ್ಕೆ ಬೀಳುತ್ತಿದ್ದರೆಂಬುದು ನನಗೆ ಹೊಳೆದಿರಲಿಲ್ಲ. ಚೀಲವನ್ನು ಒಂದು ದಿನವಾದರೂ ಕೈಯಲ್ಲೆತ್ತಿ ನೋಡಿದವನೂ ನಾನಲ್ಲ. 2019ರಲ್ಲಿ ಕರ್ನಾಟಕ ಸರ್ಕಾರವು ಶಾಲಾಚೀಲದ ತೂಕಕ್ಕೆ ಮಿತಿಯಿಟ್ಟಿತು. 2020ರ ರಾಷ್ಟ್ರೀಯ ನೀತಿಯು ಅದು ಮಗುವಿನ ತೂಕದ ಶೇಕಡ 10ನ್ನು ಮೀರಬಾರದೆಂದಿತು. ಆಜ್ಞೆಯೇನೋ ಹೊರಟಿತು; ಚೀಲವನ್ನು ತೂಗಬೇಕಾದವರು ಮನೆಯವರು. ಓದುಗರ ಮನೆಯಲ್ಲಿ ಶಾಲೆಗೆ ಹೋಗುವ ಮಗುವಿದ್ದರೆ, ನಾಳೆ ಬೆಳಗ್ಗೆ ಅದರ ಚೀಲವನ್ನೊಮ್ಮೆ ಎತ್ತಿ ನೋಡಬೇಕೆಂದು ನನ್ನ ಬಿನ್ನಹ. ಹೊರಿಸಿದ ಕೈಗೆ ತಿಳಿಯದ ಭಾರವು ಹೊತ್ತ ಕಾಲಿಗೆ ತಿಳಿಯುತ್ತದೆ.