ದಾಖಲು: ಒಳಗೆ ಬಂದವರ ಲೆಕ್ಕ

ನ್ಯಾಮತಿ ಕಡೆಯ ಅಪಘಾತದ ಸುದ್ದಿ ಯಾವುದನ್ನೇ ತೆಗೆದುಕೊಳ್ಳಿ, ಕೊನೆಯ ಎರಡು ಸಾಲು ಹೆಚ್ಚುಕಡಿಮೆ ಹೀಗೇ ಇರುತ್ತವೆ: ಗಾಯಾಳುವನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ದಾಖಲಿಸಲಾಗಿದೆ; ನ್ಯಾಮತಿ ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ. ಮೊದಲ ಸಾಲಿನಲ್ಲಿ ದಾಖಲಾದದ್ದು ಮನುಷ್ಯ, ಎರಡನೆಯದರಲ್ಲಿ ಅವನಿಗಾದ ಸಂಗತಿ. ಅದೇ ಪತ್ರಿಕೆಯ ಕ್ರೀಡಾಪುಟದಲ್ಲಿ ಯಾರೋ ದಾಖಲೆ ಮುರಿದಿರುತ್ತಾರೆ, ಮುಖಪುಟದಲ್ಲಿ ದಾಖಲೆ ಮಳೆ ಸುರಿದಿರುತ್ತದೆ. ಒಂದೇ ಪದ ಇಷ್ಟು ಕಡೆ ದುಡಿಯುತ್ತಿದ್ದರೂ ಓದುವವರಿಗೆ ಎಲ್ಲೂ ತೊಡಕಾಗುವುದಿಲ್ಲ.

ಪದದ ಮೂಲ ಅರಬ್ಬಿ. ಒಳಹೊಗು ಎಂಬರ್ಥದ ಧಾತುವಿನಿಂದ ಹುಟ್ಟಿದ ‘ದಾಖಿಲ್’ ಎಂದರೆ ಒಳಗೆ ಬಂದದ್ದು, ಒಳಗಿರುವುದು. ಪಾರಸಿ ನಡೆಯುತ್ತಿದ್ದ ಕಚೇರಿಗಳಲ್ಲಿ ಅದು ಹಣದ ಮಾತಾಯಿತು. ಬಂಗಾಳದ ರೈತನಿಗೆ ಗೇಣಿ ಕಟ್ಟಿದ್ದಕ್ಕೆ ಸಿಗುತ್ತಿದ್ದ ರಸೀದಿಯೇ ದಾಖಿಲಾ. ಉತ್ತರ ಭಾರತದಲ್ಲಿ ಜಮೀನಿನ ಖಾತೆ ಬದಲಾವಣೆಗೆ ಇಂದಿಗೂ ದಾಖಿಲ್-ಖಾರಿಜ್ ಎನ್ನುತ್ತಾರೆ: ಒಬ್ಬನ ಹೆಸರು ಒಳಕ್ಕೆ, ಇನ್ನೊಬ್ಬನದು ಹೊರಕ್ಕೆ. ಮರಾಠಿಯ ದಾಖಲಾ ಪ್ರಮಾಣಪತ್ರವಾಗಿದೆ. ಹಿಂದಿಯ ‘ದಖಲ್ ದೇನಾ’ ನಮ್ಮಲ್ಲಿ ಮೂಗು ತೂರಿಸುವುದಕ್ಕೆ ಸಮ. ಅದೂ ಒಂದು ಬಗೆಯ ಒಳಹೊಗುವಿಕೆಯೇ ತಾನೇ! ಪದ ಪಶ್ಚಿಮಕ್ಕೂ ಹೋಗಿದೆ. ತುರ್ಕಿಯ ಆಸ್ಪತ್ರೆಯೊಂದರ ಫಲಕದ ಮೇಲೆ ‘ದಾಹಿಲಿಯೆ’ ಎಂದಿದ್ದರೆ ಅದು ದಾಖಲೆ ಕೊಠಡಿಯಲ್ಲ. ಮೈಯೊಳಗಿನ ಕಾಯಿಲೆ ನೋಡುವ ವಿಭಾಗ, ನಾವು ಜನರಲ್ ಮೆಡಿಸಿನ್ ಎನ್ನುವುದು.

ಕನ್ನಡಕ್ಕೆ ಅದು ಬಂದದ್ದು ಖಜಾನೆ, ವಸೂಲಿ, ಹಾಜರಿ, ರುಜುಗಳ ಜತೆಗೆ, ದಫ್ತರದ ಬಾಗಿಲಿನಿಂದ. ಬಂದಮೇಲೆ ನಮ್ಮ ‘ಇಸು’ ಹಚ್ಚಿಕೊಂಡು ದಾಖಲಿಸು ಆಯಿತು, ಶಾಲೆಗೆ ಹೋಗಿ ದಾಖಲಾತಿ ಆಯಿತು. ಆಸ್ಪತ್ರೆಯಲ್ಲಂತೂ ಅದರ ಹಳೆಯ ಅರ್ಥವನ್ನು ಕನ್ನಡ ತನ್ನದೇ ಮಾತಿನಲ್ಲಿ ಇಟ್ಟುಕೊಂಡಿದೆ: ಒಳರೋಗಿ, ಹೊರರೋಗಿ. ಒಳಗೆ ಹೋಗಲು ಇಷ್ಟು ಹದವಾದ ಪದಗಳಿರುವ ನಮಗೆ ಹೊರಗೆ ಬರಲು ಮಾತ್ರ ಪದ ಸಾಲದು. ಪತ್ರಿಕೆಗಳು ‘ಆಸ್ಪತ್ರೆಯಿಂದ ಬಿಡುಗಡೆ’ ಎಂದು ಬರೆಯುತ್ತವೆ, ರೋಗಿ ಜೈಲಿನಲ್ಲಿದ್ದ ಹಾಗೆ. ಜನರೇ ಜಾಣರು, ಡಿಸ್ಚಾರ್ಜ್ ಎನ್ನುತ್ತಾರೆ.

ಈ ಪದಕ್ಕೆ ಇನ್ನೊಂದು ಅರ್ಥವಿದೆ. ಪೇಟೆಯವರಿಗೆ ಮರೆತುಹೋಗಿರುವ ಆ ಅರ್ಥ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಹಳೆಯ ಮೈಸೂರಿನ ಕಂದಾಯ ಲೆಕ್ಕದಲ್ಲಿ ಊರುಗಳು ಎರಡು ಬಗೆ: ಅಸಲಿ, ದಾಖಲಿ. ತನ್ನದೇ ಲೆಕ್ಕವಿರುವ ಮೂಲ ಗ್ರಾಮ ಅಸಲಿ. ಅದರ ಲೆಕ್ಕದೊಳಗೆ ಸೇರಿಹೋದ ಉಪಗ್ರಾಮ ದಾಖಲಿ. ಮಜರೆ, ಹಟ್ಟಿಗಳೆಲ್ಲ ಈ ಎರಡನೆಯ ಸಾಲಿನವು. ಅಂದರೆ ‘ದಾಖಲೆ’ ಎಂಬುದು ಇರವನ್ನಷ್ಟೇ ಹೇಳುವ ಮಾತಲ್ಲ, ಯಾರ ಪುಸ್ತಕದೊಳಗೆ ಇರುವುದು ಎಂಬುದನ್ನೂ ಹೇಳುವ ಮಾತು. ಅದೂ ಸಿಗದ ವಸತಿಗಳಿಗೆ ಸರ್ಕಾರದ ಭಾಷೆಯಲ್ಲಿ ‘ದಾಖಲೆರಹಿತ ಜನವಸತಿ’ ಎಂಬ ಹೆಸರು. ಲಂಬಾಣಿ ತಾಂಡಾಗಳು, ಗೊಲ್ಲರಹಟ್ಟಿಗಳು ದಶಕಗಟ್ಟಲೆ ಈ ಹೆಸರಿನಲ್ಲೇ ಬದುಕಿದವು. 2023ರ ಜನವರಿಯಲ್ಲಿ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಹಕ್ಕುಪತ್ರ ಹಂಚಿದಾಗ, ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 1,475 ಇಂಥ ವಸತಿಗಳು ಹೊಸ ಕಂದಾಯ ಗ್ರಾಮಗಳಾಗಿದ್ದವು.

ಲಂಬಾಣಿಗರಿಗೆ ದಾಖಲೆ ಯಾಕೆ ತಡವಾಯಿತು ಎಂಬುದು ಅವರ ಚರಿತ್ರೆಯಲ್ಲೇ ಇದೆ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ನಾಡು ಸುತ್ತಿದ ಜನ ಅವರು. ಊರಿನಲ್ಲಿ ಕೂತವರ ಹೆಸರು ಬರೆಯಲೆಂದು ಹುಟ್ಟಿದ ಪುಸ್ತಕದಲ್ಲಿ ನಡೆಯುತ್ತಲೇ ಇರುವವರಿಗೆ ಸಾಲು ಎಲ್ಲಿದೆ? ಅವರ ಗುರು ಸೇವಾಲಾಲರ ಜನ್ಮಸ್ಥಳವೆಂದು ನಂಬುವ ಸೂರಗೊಂಡನಕೊಪ್ಪಕ್ಕೆ ಪ್ರತಿ ಫೆಬ್ರುವರಿಯಲ್ಲಿ ಮಾಲೆ ಧರಿಸಿದ ಭಕ್ತರು ಇಂದಿಗೂ ಕಾಲ್ನಡಿಗೆಯಲ್ಲಿ ಬರುತ್ತಾರೆ. ಊರು ಕದಲದಿದ್ದರೂ ಅದರ ವಿಳಾಸ ಕದಲಿದೆ: 1997ರವರೆಗೆ ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲ್ಲೂಕು, ಆಮೇಲೆ ದಾವಣಗೆರೆ ಜಿಲ್ಲೆ, ಈಗ ನ್ಯಾಮತಿ ತಾಲ್ಲೂಕು. ಜಿಲ್ಲಾಸ್ಪತ್ರೆ ಎಂದರೆ ಕಾಗದದ ಮೇಲೆ ದಾವಣಗೆರೆಯ ಚಿಗಟೇರಿ. ಜೀವಕ್ಕೆ ಬಂದಾಗ ಜನ ಓಡುವುದು ಹತ್ತಿರದ ಮೆಗ್ಗಾನ್‌ಗೆ.

ಈ ಓಡಾಟದಲ್ಲಿ ದಾಖಲೆ ಎಲ್ಲಿರುತ್ತದೆ? ಒಂದು ಪ್ಲಾಸ್ಟಿಕ್ ಕವರಿನಲ್ಲಿ. ಬಟ್ಟೆ ಅಂಗಡಿಯ ಹೆಸರಿನ ಅಂಥ ಕವರು ಈ ಭಾಗದ ಹೆಚ್ಚಿನ ಮನೆಗಳ ಟ್ರಂಕಿನಲ್ಲೋ ಗೂಟದ ಮೇಲೋ ಇರುತ್ತದೆ. ಒಳಗೆ ಮಡಿಕೆ ಹರಿದ ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು, ಬಿಪಿ ಬರೆದ ಓಪಿಡಿ ಚೀಟಿ, ಅಕ್ಷರ ಮಾಸಿದ ಇಸಿಜಿ, ಜತೆಗೆ ರೇಷನ್ ಕಾರ್ಡಿನ ಜೆರಾಕ್ಸ್. ವೈದ್ಯರು ‘ಹಳೇದು ತೋರ್ಸಿ’ ಎಂದರೆ ಇಡೀ ಕವರನ್ನು ಮೇಜಿನ ಮೇಲೆ ಸುರಿಯುತ್ತಾರೆ. ವೈದ್ಯರು ಹುಡುಕುವುದು ಮೂರೇ ಸಂಗತಿ: ಯಾವ ಮಾತ್ರೆ ನಡೆಯುತ್ತಿದೆ, ಯಾವ ಮದ್ದು ಆಗಿಬರುವುದಿಲ್ಲ, ಹಿಂದಿನ ಸಲ ಏನೆಂದು ಹೇಳಿದ್ದರು. ಅಷ್ಟು ಸಿಕ್ಕರೆ ಒಂದು ರಕ್ತಪರೀಕ್ಷೆ ಉಳಿಯುತ್ತದೆ, ಕೆಲವೊಮ್ಮೆ ಒಂದು ಜೀವ.

ಕವರಿನಲ್ಲಿರುವುದೇ ಪರದೆಯ ಮೇಲೆ ಬರಲಿ ಎಂಬುದು ವಿದ್ಯುನ್ಮಾನ ಆರೋಗ್ಯ ದಾಖಲೆಯ ಆಸೆ. ದೇಶದಲ್ಲಿ ಇದಕ್ಕೆ ಮೊದಲ ಮಾನದಂಡ ಬಂದದ್ದು 2013ರಲ್ಲಿ, ಪರಿಷ್ಕಾರ 2016ರಲ್ಲಿ. 2021ರ ಸೆಪ್ಟೆಂಬರ್‌ನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶವ್ಯಾಪಿಯಾಗಿ ಶುರುವಾಗಿ, ರೋಗಿಯ ಗುರುತಿಗೆ 14 ಅಂಕಿಯ ಆಭಾ ಸಂಖ್ಯೆ ಬಂತು. ಅದರ ಏರ್ಪಾಡು ಒಳ್ಳೆಯದೇ: ಎಲ್ಲರ ದಾಖಲೆಯನ್ನು ಒಂದೇ ಉಗ್ರಾಣಕ್ಕೆ ತುಂಬುವುದಿಲ್ಲ. ಬರೆದ ಆಸ್ಪತ್ರೆಯಲ್ಲೇ ದಾಖಲೆ ಇರುತ್ತದೆ, ರೋಗಿ ಒಪ್ಪಿದಾಗ ಇನ್ನೊಂದು ಆಸ್ಪತ್ರೆಗೆ ಕಾಣುತ್ತದೆ. ಇದಕ್ಕೂ ಮೊದಲೇ, 2002ರ ವೈದ್ಯಕೀಯ ನೀತಿ ನಿಯಮಗಳು ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದಿದ್ದವು. ಕೇಳಬಹುದು ಎಂಬುದೇ ಹೆಚ್ಚಿನ ರೋಗಿಗಳಿಗೆ ಗೊತ್ತಿಲ್ಲ. ಹೊಸ ಏರ್ಪಾಡಿನಲ್ಲಿ ಒಪ್ಪಿಗೆ ಎಂದರೆ ಬಹುಪಾಲು ಒಂದು ಓಟಿಪಿ. ಅಜ್ಜಿ ಇಲ್ಲಿ ಓಪಿಡಿ ಸಾಲಿನಲ್ಲಿ ನಿಂತಿದ್ದರೆ ಓಟಿಪಿ ಹೋಗುವುದು ಬೆಂಗಳೂರಿನಲ್ಲಿ ಗಾರೆ ಕೆಲಸದಲ್ಲಿರುವ ಮಗನ ಫೋನಿಗೆ.

ಹೆಸರಿನದು ಇನ್ನೊಂದು ಪಾಡು. ಶಾಂತಿಬಾಯಿ, ಶಾಂತಾಬಾಯಿ, ಶಾಂತಮ್ಮ ಮೂರೂ ಒಬ್ಬಾಕೆಯೇ ಆಗಿರಬಹುದು. ನಾಯ್ಕ, ನಾಯಕ್, ನಾಯ್ಕ್ ಎಂದು ಗಂಡನ ಹೆಸರು ಮೂರು ಕಾಗುಣಿತದಲ್ಲಿರಬಹುದು. ಎದುರಿಗೆ ಕೂತ ನರ್ಸಿಗೆ ಇದು ಸಮಸ್ಯೆಯಲ್ಲ, ಮುಖ ಗೊತ್ತು. ಕಂಪ್ಯೂಟರಿಗೆ ಮೂವರು ರೋಗಿಗಳು. ಸಂಶೋಧನೆ ಎಡವುವುದೂ ಇಲ್ಲೇ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ನೋಂದಣಿ 1982ರಿಂದ ನಡೆದುಬಂದಿದೆ. ಅದರ ಸಿಬ್ಬಂದಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ, ಕೇಸ್ ಶೀಟು ತೆಗೆದು, ನಕಲು ಮಾಡಿಕೊಂಡು ಕಟ್ಟಿದ ಲೆಕ್ಕ ಅದು. ಎರಡು ಆಸ್ಪತ್ರೆಗೆ ದಾಖಲಾದ ಒಬ್ಬ ರೋಗಿಯನ್ನು ಎರಡು ಸಲ ಎಣಿಸದಂತೆ ಹೆಸರು, ವಯಸ್ಸು, ವಿಳಾಸ ತಾಳೆ ನೋಡುವುದು ಅದರ ದೊಡ್ಡ ಕೆಲಸಗಳಲ್ಲೊಂದು. ದಾಖಲೆಗಳು ಚೆನ್ನಾಗಿ ಜೋಡಣೆಯಾದರೆ ಏನಾಗಬಹುದು ಎಂಬುದನ್ನು 2020ರಲ್ಲಿ ಇಂಗ್ಲೆಂಡ್ ತೋರಿಸಿತು: ಸುಮಾರು 1.7 ಕೋಟಿ ಜನರ ದಾಖಲೆಗಳನ್ನು ಗುರುತು ಮರೆಮಾಡಿ, ಇದ್ದಲ್ಲಿಂದ ಕದಲಿಸದೆ ನೋಡಿ, ಕೋವಿಡ್‌ನಿಂದ ಯಾರು ಹೆಚ್ಚಾಗಿ ಸಾಯುತ್ತಿದ್ದಾರೆ ಎಂಬುದನ್ನು ಕೆಲವೇ ತಿಂಗಳಲ್ಲಿ ಹೇಳಿದರು.

ನಮ್ಮಲ್ಲಿ ಅದು ಆಗುವುದಿಲ್ಲವೆಂದಲ್ಲ. ಆದರೆ ‘ದಾಖಲೆ’ಯ ಹಳೆಯ ಅರ್ಥವನ್ನು ಸಂಶೋಧಕರು ನೆನಪಿಟ್ಟುಕೊಳ್ಳಬೇಕು: ಅದರಲ್ಲಿರುವುದು ಒಳಗೆ ಬಂದವರ ಲೆಕ್ಕ ಮಾತ್ರ. ಕಾಫಿ ಕೊಯ್ಲಿಗೆ ಚಿಕ್ಕಮಗಳೂರು ಕಡೆ ಹೋದ ಹೆಂಗಸಿನ ಬಿಪಿ ದಾಖಲೆಯಲ್ಲಿ ಎರಡು ಮೂರು ತಿಂಗಳು ಖಾಲಿ ಇರುತ್ತದೆ. ಗುಳಿಗೆ ನಿಂತಿತೋ, ಎಸ್ಟೇಟಿನ ಹತ್ತಿರದ ಆಸ್ಪತ್ರೆಯಲ್ಲಿ ಸಿಕ್ಕಿತೋ, ಖಾಲಿ ಜಾಗ ಹೇಳುವುದಿಲ್ಲ. ಅದನ್ನು ‘ಆರೋಗ್ಯವಾಗಿದ್ದಾಳೆ’ ಎಂದು ಓದಿದರೂ ತಪ್ಪು, ‘ಚಿಕಿತ್ಸೆ ಬಿಟ್ಟಳು’ ಎಂದು ಓದಿದರೂ ತಪ್ಪು.

ಈ ಖಾಲಿ ಜಾಗಗಳನ್ನು ಸದ್ಯಕ್ಕೆ ತುಂಬುತ್ತಿರುವವರು ಆಶಾ ಕಾರ್ಯಕರ್ತೆಯರು. ಯಾರು ಗುಳೆ ಹೋದರು, ಯಾರು ಹೆರಿಗೆಗೆ ತವರಿಗೆ ಬಂದರು ಎಂಬುದೆಲ್ಲ ಅವರ ಡೈರಿಯಲ್ಲಿ, ಅದಕ್ಕೂ ಮೊದಲು ತಲೆಯಲ್ಲಿ. ಅವರ ಪ್ರೋತ್ಸಾಹಧನವನ್ನು ತಾಯಿ-ಮಗುವಿನ ಆರ್‌ಸಿಎಚ್ ಪೋರ್ಟಲ್‌ಗೆ ಕಟ್ಟಿಹಾಕಿರುವುದು ನನಗೆ ಅನ್ಯಾಯವೆಂದೇ ತೋರುತ್ತದೆ. ಬಿಸಿಲಲ್ಲಿ ತಾಂಡಾಕ್ಕೆ ನಡೆದು ಹೋಗಿ ಬಾಣಂತಿಯನ್ನು ನೋಡಿ ಬಂದಿರುತ್ತಾರೆ. ಆಸ್ಪತ್ರೆಯಲ್ಲಿ ಕೂತವರು ಅದನ್ನು ಪೋರ್ಟಲ್‌ಗೆ ಏರಿಸಿರುವುದಿಲ್ಲ, ಸರ್ವರ್ ಸಿಕ್ಕಿರುವುದಿಲ್ಲ, ಆ ತಿಂಗಳ ಹಣ ಬರುವುದಿಲ್ಲ. ಆರ್‌ಸಿಎಚ್ ಪೋರ್ಟಲ್‌ಗೂ ತಮ್ಮ ದುಡಿಮೆಯ ಹಣಕ್ಕೂ ಇರುವ ಕೊಂಡಿ ಕಳಚಿ ಎಂದು ರಾಜ್ಯದ ಆಶಾ ಕಾರ್ಯಕರ್ತೆಯರು ವರ್ಷಗಳಿಂದ ಧರಣಿ ಕೂತು ಕೇಳುತ್ತಿದ್ದಾರೆ.