ಆರು ಗುಂಡಿನ ರಿವಾಲ್ವರಿಗೆ ಐದೇ ಗುಂಡು ಏಕೆ?

2024ರ ಅಕ್ಟೋಬರ್ 1ರಂದು ಮುಂಬೈನಲ್ಲಿ ಹಿಂದಿ ಚಿತ್ರನಟ ಗೋವಿಂದ ಅವರ ಕಾಲಿಗೆ ಅವರದೇ ರಿವಾಲ್ವರಿನ ಗುಂಡು ತಗುಲಿತು. ಎತ್ತಿಡುವಾಗ ಕೈಜಾರಿ ನೆಲಕ್ಕೆ ಬಿದ್ದು ಗುಂಡು ಹಾರಿತು ಎಂದು ಅವರ ಕಡೆಯವರು ಹೇಳಿದರು. ಟ್ರಿಗರ್ ಎಳೆಯದೆ ಗುಂಡು ಹಾರುತ್ತದಾ ಎಂದು ಆಗ ನಮ್ಮನ್ನು ಕೇಳಿದವರು ಬಹಳ ಮಂದಿ. ಕೆಲವು ರಿವಾಲ್ವರುಗಳಲ್ಲಿ ಹಾರುತ್ತದೆ. ಈ ಕಥೆಗೆ 150 ವರ್ಷ.

1873ರಲ್ಲಿ ಅಮೆರಿಕದ ಸೇನೆ ಕೋಲ್ಟ್ ಕಂಪನಿಯ ಹೊಸ ರಿವಾಲ್ವರ್ ಒಪ್ಪಿಕೊಂಡಿತು. ಕೌಬಾಯ್ ಸಿನಿಮಾಗಳಲ್ಲಿ ಸೊಂಟದಲ್ಲಿ ನೇತಾಡುವುದು ಹೆಚ್ಚಾಗಿ ಇದೇ. ತಿರುಗುವ ಸಿಲಿಂಡರಿನಲ್ಲಿ ಆರು ಗುಂಡಿಗೆ ಆರು ಮನೆ. ಹಿಂದೆ ಹ್ಯಾಮರ್, ಅಂದರೆ ಪುಟ್ಟ ಸುತ್ತಿಗೆ. ಅದರ ಮುಖದಲ್ಲೇ ಒಂದು ಮೊಳೆ. ಆರೂ ಮನೆ ತುಂಬಿ ಹ್ಯಾಮರ್ ಪೂರ್ತಿ ಇಳಿಸಿದರೆ ಆ ಮೊಳೆ ನೇರ ಗುಂಡಿನ ತಳದ ಮೇಲೆ ಕೂರುತ್ತದೆ. ಕಿಡಿ ಹತ್ತುವ ಜಾಗವೇ ಅದು. ಹ್ಯಾಮರಿಗೆ ಒಂದು ಪೆಟ್ಟು ಬಿದ್ದರೆ ಸಾಕು. ಅದನ್ನು ತುಸು ಹಿಂದೆ ಹಿಡಿದಿಡಲು ಒಂದು ಕಚ್ಚು ಇತ್ತು, ನಿಜ. ಜೋರಾಗಿ ಬಿದ್ದರೆ ಆ ಕಚ್ಚೇ ಮುರಿಯುತ್ತಿತ್ತು.

1876ರ ಜನವರಿ. ಕಾನ್ಸಾಸ್ ರಾಜ್ಯದ ವಿಚಿಟಾ ಪಟ್ಟಣದ ಪೊಲೀಸ್ ವ್ಯಾಟ್ ಅರ್ಪ್ ಹೆಂಡದಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತಿದ್ದ. ಚರ್ಮದ ಚೀಲದಿಂದ ರಿವಾಲ್ವರ್ ಜಾರಿತು, ಹ್ಯಾಮರ್ ಕುರ್ಚಿಗೆ ಬಡಿಯಿತು. ಗುಂಡು ಅವನ ಕೋಟು ತೂರಿ, ಗೋಡೆಗೆ ತಾಗಿ, ಚಾವಣಿಯಿಂದ ಆಚೆ ಹೋಯಿತು. ಊರಿನ ಪತ್ರಿಕೆ ಅದನ್ನು ಅಚ್ಚು ಹಾಕಿತು. (ಪೊಲೀಸರ ಎಡವಟ್ಟು ಬರೆಯುವ ಸ್ಥಳೀಯ ವರದಿಗಾರರು ಆಗಲೂ ಇದ್ದರು.) ಅರ್ಪ್ ಸತ್ತು ಎರಡು ವರ್ಷಕ್ಕೆ, 1931ರಲ್ಲಿ, ಅವನ ಜೀವನಚರಿತ್ರೆ ಬಂತು. ಬಲ್ಲವರು ಐದೇ ಗುಂಡು ತುಂಬುತ್ತಿದ್ದರು, ಹ್ಯಾಮರ್ ಖಾಲಿ ಮನೆಯ ಮೇಲಿರುತ್ತಿತ್ತು, ಅದು ಸುರಕ್ಷತೆಗಾಗಿ ಎಂದು ಅದರಲ್ಲಿದೆ.

ಪರಿಹಾರ 19ನೇ ಶತಮಾನದ ಕೊನೆಗೇ ಸಿಕ್ಕಿತ್ತು. ಐವರ್ ಜಾನ್ಸನ್ ಕಂಪನಿ ಹ್ಯಾಮರಿನಿಂದ ಮೊಳೆಯನ್ನು ಬೇರ್ಪಡಿಸಿ ನಡುವೆ ಒಂದು ಪಟ್ಟಿ ಇಟ್ಟಿತು. ಟ್ರಿಗರ್ ಪೂರ್ತಿ ಎಳೆದಾಗ ಮಾತ್ರ ಪಟ್ಟಿ ಮೇಲೆದ್ದು ಪೆಟ್ಟನ್ನು ಮೊಳೆಗೆ ದಾಟಿಸುತ್ತದೆ. ಜಾಹೀರಾತಿಗೆ ಅವರು ಹಾಸಿಗೆಯಲ್ಲಿ ಅಪ್ಪನ ರಿವಾಲ್ವರ್ ಹಿಡಿದ ಪುಟ್ಟ ಹುಡುಗಿಯ ಚಿತ್ರ ಹಾಕಿದರು! ನೋಡಿದರೆ ಮೈ ಜುಮ್ಮೆನ್ನುತ್ತದೆ. ಪಟ್ಟಿ ಬೀಳುವ ರಿವಾಲ್ವರನ್ನು ತಡೆಯುತ್ತದೆಯೇ ಹೊರತು ಮಗುವಿನ ಬೆರಳನ್ನಲ್ಲ. ರೂಗರ್ ಕಂಪನಿಯ ಕೌಬಾಯ್ ಮಾದರಿಗೆ ಈ ಪಟ್ಟಿ ಬಂದದ್ದು 1973ರಲ್ಲಿ.

ಚುನಾವಣೆ ಬಂತೆಂದರೆ ನಮ್ಮ ಕಡೆ ಪರವಾನಗಿದಾರರು ಆಯುಧ ಹಿಡಿದು ಠಾಣೆಗೆ ಹೊರಡುತ್ತಾರೆ. ಅಜ್ಜನ ಕಾಲದ ರಿವಾಲ್ವರಾದರೆ ಒಳಗೆ ಪಟ್ಟಿ ಇದೆಯೋ ಇಲ್ಲವೋ ಹೊರಗಿಂದ ತಿಳಿಯದು. ಐದರ ಲೆಕ್ಕವೂ ಬೇಡ. ನಳಿಗೆ ಯಾರತ್ತಲೂ ತಿರುಗಿಸದೆ, ಟ್ರಿಗರಿನಿಂದ ಬೆರಳು ದೂರವಿಟ್ಟು, ಆರೂ ಮನೆ ಖಾಲಿ ಮಾಡಿ ಒಂದೊಂದನ್ನೂ ಕಣ್ಣಾರೆ ನೋಡಿ. ಗುಂಡುಗಳು ಬೇರೆ ಚೀಲದಲ್ಲಿರಲಿ.

ಕೊನೆಗೆ ನಮ್ಮದೇ ಒಂದು ತಪ್ಪು. ಇಂಥ ಸುದ್ದಿಗೆ ನಾವು ‘ಮಿಸ್‌ಫೈರ್’ ಎಂದು ತಲೆಬರಹ ಕೊಡುತ್ತ ಬಂದಿದ್ದೇವೆ. ಮಿಸ್‌ಫೈರ್ ಅಂದರೆ ಟ್ರಿಗರ್ ಎಳೆದರೂ ಗುಂಡು ಹಾರದಿರುವುದು.